ಬಿಚ್ಚಿ ಬರದ ಅಂಟು

ಬೆಳಗ್ಗೆ ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಗೆ ಬಂದವಳಿಗೆ ಮೊದಲು ಕಂಡದ್ದು ಮೇಜಿನ ಮೇಲಿದ್ದ ತನ್ನದೇ ಟೀ ಕಪ್ಪು. ಹೋದ ವಾರ ಅದರ ಹಿಡಿ ಮುರಿದಿತ್ತು. ಈಗ ಯಾರೋ ಅಂಟಿಸಿಟ್ಟಿದ್ದರು, ಅದೂ ಸೊಟ್ಟಗೆ.

ಅಂಟಿಸುವುದೇ ಅವಳ ಕೆಲಸ. ಉತ್ಖನನದಲ್ಲಿ ಸಿಕ್ಕ ಚೂರುಗಳನ್ನು ಜೋಡಿಸಿ ಮಡಕೆ ಮಾಡುವವಳು ಎಲ್ಲರಿಗೂ 'ಅಂಟಕ್ಕ'. ಮಡಕೆಗಳ ಚಿತ್ರ ಬರೆಯುವ ಚಿತ್ರಕಾರನೊಬ್ಬ ಮಾತ್ರ ಹಾಗೆ ಕರೆದವನಲ್ಲ. ಒಮ್ಮೆ ಅಕ್ಕ ಎಂದುಬಿಟ್ಟರೆ ಆಮೇಲೆ ಕಷ್ಟ ಎಂದು ಅವನಿಗೆ ಗೊತ್ತಿತ್ತು.

ಈ ಚೂರು ಇಲ್ಲಿ ಕೂರುತ್ತಾ ಎಂದು ಯಾರೇ ಕೇಳಲಿ, ಅವಳದು ಒಂದೇ ಉತ್ತರ: "ನೋಡೋಣ." ನಿನ್ನೆ ಸಂಜೆ ಅವನು "ನನ್ನ ಮದುವೆ ಆಗ್ತೀರಾ?" ಎಂದಾಗಲೂ ಅದೇ ಬಾಯಿಗೆ ಬಂದುಬಿಟ್ಟಿತ್ತು. ಅವನ ಮುಖ ಇಳಿದುಹೋಗಿತ್ತು.

"ಇದು ಯಾರ ಕೆಲಸ?" ಕಪ್ಪು ಎತ್ತಿ ಹಿಡಿದಳು.

ಕಿಟಕಿಯ ಬಳಿ ಚಿತ್ರಕಾರ ಪೆನ್ಸಿಲ್ಲುಗಳನ್ನು ಡಬ್ಬಿಗೆ ತುಂಬುತ್ತಿದ್ದ. "ನಂದೇ."

"ಯಾವ ಅಂಟು?"

"ಮೂಲೆ ಅಂಗಡೀದು. ಜಪ್ಪಯ್ಯ ಅಂದ್ರೂ ಬಿಡಲ್ಲ."

"ನಮ್ಮಲ್ಲಿ ಅದು ದೊಡ್ಡ ತಪ್ಪು, ಗೊತ್ತಲ್ವಾ? ನಾಳೆ ಬರೋರು ಬಿಚ್ಚಿ ಸರಿಮಾಡೋ ಹಾಗಿರ್ಬೇಕು."

"ಅದು ಹಳೇ ಮಡಕೆಗೆ ರೀ. ಹೋಗೋ ಮುಂಚೆ ಒಂದಾದ್ರೂ ಗಟ್ಟಿಯಾಗಿ ಅಂಟಲಿ ಅಂತ..."

"ಎಲ್ಲಿಗೆ ಹೋಗೋದು?"

"ಬೇರೆ ಊರಿನ ಉತ್ಖನನದ ಸೈಟಿಗೆ ಕರೆದಿದಾರೆ. ಇವತ್ತು ಹೂಂ ಅಂತೀನಿ."

ಅವನಿಲ್ಲದ ಆ ಕಿಟಕಿ ಅವಳಿಗೆ ಬೇಡವಾಗಿತ್ತು.

"ಬನ್ನಿ ಇಲ್ಲಿ," ಎಂದು ತಾನು ಜೋಡಿಸುತ್ತಿದ್ದ ಮಡಕೆಯೊಂದನ್ನು ಅವನತ್ತ ತಿರುಗಿಸಿದಳು. ಹಳೆಯ ಬಿರುಕೊಂದರ ಎರಡೂ ಬದಿ ಸಣ್ಣ ತೂತುಗಳು. "ಆಗಿನೋರೇ ಕೊರೆದದ್ದು. ಬಿರುಕು ಬಿಟ್ಟಿದ್ದನ್ನ ದಾರ ಹಾಕಿ ಬಿಗಿದಿದಾರೆ. ನೀರು ನಿಲ್ಲದಿದ್ರೆ ಬೇಡ, ಕಾಳಾದ್ರೂ ನಿಲ್ಲುತ್ತಲ್ಲ."

ಅವನು ಬಾಗಿ ನೋಡಿದ. ಅವನ ಕೂದಲು ಅವಳ ಕೆನ್ನೆಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ಯಾರಿಗೋ ಬಿಸಾಕೋಕೆ ಮನಸ್ಸೇ ಬಂದಿಲ್ಲ," ಎಂದ.

"ನೋಡೋಣ ಅಂತ ಕೂತಿದ್ರೆ ಇದು ನಮ್ಮ ತನಕ ಬರ್ತಿರ್ಲಿಲ್ಲ." ಅವಳು ಮಡಕೆಯನ್ನು ಪಕ್ಕಕ್ಕಿಟ್ಟಳು. "ನಿನ್ನೆ ಅಂದದ್ದು ಕೆಲಸದ ಮಾತು ರೀ. ಅದು ನನ್ನ ಬಾಯಿಗೇ ಅಂಟ್ಕೊಂಡಿದೆ."

"ಮನಸ್ಸಿನ ಮಾತು?"

ಅವಳು ಫ್ಲಾಸ್ಕಿನಿಂದ ಕಪ್ಪಿನ ತುಂಬ ಟೀ ಸುರಿದು, ಸೊಟ್ಟ ಹಿಡಿ ಹಿಡಿದೇ ಎತ್ತಿದಳು. ಅದು ಬಿಡಲಿಲ್ಲ.

"ಹೂಂ," ಎಂದಳು.

"ಕಪ್ಪಿಗೋ, ನನಗೋ?"

"ನಿಮಗೆ. ಆದ್ರೆ ಆಮೇಲೆ ಬಿಚ್ಚೋಕಾಗಲ್ಲ, ನೋಡಿ."

"ಜಪ್ಪಯ್ಯ ಅಂದ್ರೂ," ಎಂದು ಅವನು ಡಬ್ಬಿ ತೆರೆದು ಪೆನ್ಸಿಲ್ಲುಗಳನ್ನೆಲ್ಲ ಮತ್ತೆ ಮೇಜಿನ ಮೇಲೆ ಸುರಿದ.