ಕಂದಕದ ಪಾಠ

ಮೂವತ್ತೆರಡು ಹುಡುಗಿಯರು ಹಣೆಗೆ ಪಟ್ಟಿ ಕಟ್ಟಿಕೊಂಡು ಪುಸ್ತಕ ತೆರೆದರು. 2061ರ ಆ ಬೆಳಿಗ್ಗೆ ಬಾಗಲಕೋಟೆಯ ಪ್ರೌಢಶಾಲೆಯೊಂದರಲ್ಲಿ ನೂರು ವರ್ಷ ಹಳೆಯ ಯುದ್ಧ ಕಾದಂಬರಿಯ ಪಾಠ. ಪಟ್ಟಿಯ ಹೆಸರು ಭಾವವಾಹಿ. ಪುಟದಲ್ಲಿನ ಪಾತ್ರದ ಚಳಿ, ಹಸಿವು, ಭಯಗಳನ್ನು ಅದು ಸಣ್ಣ ವಿದ್ಯುತ್ ಮಿಡಿತಗಳಾಗಿಸಿ ಓದುವವರ ಮಿದುಳಿಗೆ ಮುಟ್ಟಿಸುತ್ತಿತ್ತು. ಒಬ್ಬೊಬ್ಬಳಿಗೆ ಒಂದೊಂದು ಪಾತ್ರ. ಓದಿದ ಮೇಲೆ ಆ ಪಾತ್ರವಾಗಿ ಮನೆಗೊಂದು ಪತ್ರ ಬರೆಯಬೇಕು.

ಕನ್ನಡ ಟೀಚರ್ ಕಸ್ತೂರಿ ಇಪ್ಪತ್ತು ವರ್ಷದಿಂದ ಅದೇ ಕಾದಂಬರಿ ಕಲಿಸುತ್ತ ಮಕ್ಕಳ ಆಕಳಿಕೆ ನೋಡಿ ಬೇಸತ್ತವಳು. ಅಂದು ಯಾರೂ ಆಕಳಿಸಲಿಲ್ಲ.

ಕಂದಕದ ಸೈನಿಕನಾಗಿದ್ದ ಸುಗಲಾ ಹತ್ತನೇ ನಿಮಿಷಕ್ಕೆ ಕಿಟಾರನೆ ಕಿರುಚಿ ಡೆಸ್ಕಿನ ಕೆಳಗೆ ನುಸುಳಿದಳು. ಕಸ್ತೂರಿ ಓಡಿಹೋಗಿ ಪಟ್ಟಿ ಬಿಚ್ಚಿ ಅವಳನ್ನು ಅವಚಿಕೊಂಡಳು. ಹುಡುಗಿ ಗಡಗಡ ನಡುಗುತ್ತಿದ್ದಳು. ಮಧ್ಯಾಹ್ನ ಅವಳು ಕೊಟ್ಟ ಪತ್ರದಲ್ಲಿ ಎರಡೇ ಸಾಲು: ‘ಅವ್ವಾ, ನಾ ಚುಚ್ಚಿದಾಗ ಅವನೂ ಅವ್ವಾ ಅಂದ. ನಾ ಮನೀಗಿ ಬಂದರ ನನ್ನ ಮುಟ್ಟಬ್ಯಾಡ.’

ಅಂಥ ಪತ್ರವನ್ನು ಕಸ್ತೂರಿ ಎಂದೂ ಓದಿರಲಿಲ್ಲ. ಸುಗಲಾ ಮೂರು ದಿನ ಅನ್ನ ಮುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು.

ಪಾಲಕರು ಶಾಲೆಗೆ ನುಗ್ಗಿದರು. ಪಟ್ಟಿಯಿಂದ ಭಯ, ನೋವು ಎರಡನ್ನೂ ತೆಗೆಯಿರಿ ಎಂದು ಮೇಲಿನಿಂದ ಆದೇಶ ಬಂತು. ಪಟ್ಟಿ ಕಂಡುಹಿಡಿದ ಡಾ. ವಿಶಾಲಾಕ್ಷಿ ಕಂಠಿ ತಾವೇ ಬಂದು ಒಂದೊಂದನ್ನೂ ತಿದ್ದಿಕೊಟ್ಟರು.

ಮರುವಾರ ಮತ್ತೆ ಅದೇ ಅಧ್ಯಾಯ. ಹುಡುಗಿಯರು ಪಟ್ಟಿ ಬಿಚ್ಚಿದಾಗ ಕಣ್ಣುಗಳು ಹೊಳೆಯುತ್ತಿದ್ದವು.

“ಮೇಡಂ, ನಾ ಏಳು ಮಂದೀನ ಹೊಡದೆ!”

“ಇನ್ನೊಮ್ಮೆ ಹಚ್ಚರಿ ಮೇಡಂ!”

ಸುಗಲಾ ಕೂಡ ನಗುತ್ತಿದ್ದಳು. ಪತ್ರಗಳ ತುಂಬ ಗೆಲುವಿನ ಕೂಗು.

ಕಸ್ತೂರಿ ಪತ್ರಗಳ ಕಟ್ಟನ್ನು ವಿಶಾಲಾಕ್ಷಿಯವರ ಮುಂದಿಟ್ಟಳು. “ಇದು ಆ ಕಾದಂಬರಿ ಅಲ್ಲರಿ. ಮೊದಲಿನಂಗ ಮಾಡಿಕೊಡ್ರಿ.”

“ಮಾಡಬಹುದು,” ಎಂದರು ವಿಶಾಲಾಕ್ಷಿ. “ಆದ್ರ ಮತ್ತೊಂದು ಹುಡುಗಿ ಡೆಸ್ಕಿನ ಕೆಳಗ ಹೋದರ? ಆ ಜವಾಬ್ದಾರಿ ನೀವು ತಗೋತೀರೇನು?”

ಕಸ್ತೂರಿ ಪತ್ರಗಳ ಕಟ್ಟನ್ನು ವಾಪಸು ಎತ್ತಿಕೊಂಡಳು. ಮರುದಿನ ಕಾದಂಬರಿಯನ್ನು ಪಟ್ಟಿಯಿಲ್ಲದೆ ತಾನೇ ಗಟ್ಟಿಯಾಗಿ ಓದಿ ನೋಡಿದಳು. ಎರಡು ಪುಟ ದಾಟುವಷ್ಟರಲ್ಲಿ ತರಗತಿ ತೂಕಡಿಸಿತು.

ಆ ತಿಂಗಳ ಕೊನೆಗೆ ಗಡಿಯಲ್ಲಿ ನಿಜವಾದ ಯುದ್ಧ ಶುರುವಾಯಿತು. ತರಗತಿಯ ಗೋಡೆಪರದೆಯ ಮೇಲಿನ ಸುದ್ದಿಯಲ್ಲಿ ಯಾವುದೋ ಊರಿನ ಮನೆಯೊಂದು ಹೊಗೆಯಾಗಿ ಕುಸಿಯಿತು. ಹುಡುಗಿಯರು ಚಪ್ಪಾಳೆ ಹೊಡೆದರು.

“ಅದರಾಗ ಮಂದಿ ಇದ್ದರವ್ವಾ,” ಎಂದಳು ಕಸ್ತೂರಿ.

“ನಮಗೇನೂ ಆಗಲಿಲ್ಲಲ್ಲ ಮೇಡಂ. ಸೌಂಡ್ ಜಾಸ್ತಿ ಮಾಡ್ರಿ.”

ಕಸ್ತೂರಿ ಪರದೆ ಆರಿಸಿದಳು. ಮಕ್ಕಳು ತಂತಮ್ಮ ಮೊಬೈಲ್ ತೆಗೆದರು.