ಅಳಿಸಿದ ಅಮಾವಾಸ್ಯೆ

ಕಬ್ಬು ಅರೆಯುವ ಮಿಲ್ಲು ಒಮ್ಮೆಲೇ ನಿಂತು, ಬಾಯ್ಲರ್ ಸೈರನ್ ಹೊಡೆದುಕೊಳ್ಳುತ್ತಿತ್ತು. ಪರದೆಯ ಮೇಲೆ ನೀರಿನ ಮಟ್ಟ ಏರಿತು, ಇಳಿಯಿತು... ಮತ್ತೆ ಏರಿತು.

ಪ್ರತಿ ಸಲವೂ ಇನ್ನಷ್ಟು!

"ಆಟೋ ಮೋಡ್ ತಗೀರಿ ಸರ. ಕೈಲೇ ತಿರುವ್ತೀನಿ," ಮೇಲಿನಿಂದ ಲಗಮಪ್ಪ ಕೂಗಿದ. ಮೂವತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಆಪರೇಟರ್.

ತೆಗೆದೆ. ಅವನು ವಾಲ್ವ್ ತಿರುಗಿಸಿದ. ಮಟ್ಟ ನಿಂತಿತು. ಅಷ್ಟರಲ್ಲಿ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಒಡೆದು ಕುದಿನೀರು ಅವನ ಎರಡೂ ಕೈ ಮೇಲೆ ಸುರಿದಿತ್ತು.

ಅವನು ವಾಲ್ವ್ ಬಿಟ್ಟಿರಲಿಲ್ಲ.

ಏಕಸಂಬಿ ಹತ್ತಿರದ ಆ ಸಕ್ಕರೆ ಕಾರ್ಖಾನೆಗೆ ಬಾಯ್ಲರ್ ಕಂಟ್ರೋಲ್ ಕೂರಿಸಿದವನು ನಾನೇ. ಬರೀ ಮೂರು ವಾರದ ಹಿಂದೆ. ಅದಕ್ಕೂ ಮೊದಲು ನೀರಿನ ಮಟ್ಟ ಕಾಯುವ ಎರಡು ಪದ್ಧತಿ ಹೋಲಿಸಿದ್ದೆ, ಕೇಳಿ. ಮೊದಲನೆಯದು ಮಟ್ಟ ತಪ್ಪಿದ ಕೂಡಲೇ ಚಟ್ಟನೆ ಸರಿಪಡಿಸುತ್ತಿತ್ತು. ಎರಡನೆಯದು ನಿಧಾನ, ಆದರೆ ಮಿಲ್ಲಿನ ಹಬೆ ಬೇಡಿಕೆ ದಿಢೀರನೆ ಬಿದ್ದರೂ ಹೊಯ್ದಾಡುತ್ತಿರಲಿಲ್ಲ. ತಿಂಗಳ ದಾಖಲೆ ಮೇಲೆ ಎರಡನ್ನೂ ಓಡಿಸಿದೆ. ಇಪ್ಪತ್ತೊಂಬತ್ತು ದಿನ ಮೊದಲನೆಯದೇ ಗೆದ್ದಿತು. ಒಂದು ದಿನ ಮಾತ್ರ ಹುಚ್ಚುಹುಚ್ಚಾಗಿ ಕುಣಿಯಿತು. ಮೀಟರ್ ಕೆಟ್ಟಿರಬೇಕು ಅಂದುಕೊಂಡೆ.

ಆ ದಿನವನ್ನೇ ಅಳಿಸಿದೆ. ಮೊದಲನೆಯದನ್ನೇ ಕೂರಿಸಿದೆ.

ಮಧ್ಯಾಹ್ನ ಮ್ಯಾನೇಜರ್ ಆಬಾಸಾಹೇಬ ಬಾಗಿಲು ಹಾಕಿ ಅಪಘಾತದ ರಿಪೋರ್ಟ್ ಮುಂದಿಟ್ಟರು. ಆಪರೇಟರ್ ತಪ್ಪು ಎಂದು ಬರೆದಿತ್ತು. ನಾನು ಸಹಿ ಹಾಕಿದರೆ, ನಿವೃತ್ತಿಗೆ ಮೂರೇ ತಿಂಗಳಿದ್ದ ಲಗಮಪ್ಪ ಕೆಲಸ ಕಳೆದುಕೊಳ್ಳುತ್ತಿದ್ದ.

"ಮಾಡ್ರಿ ಸಹಿ. ಇಲ್ಲಾಂದ್ರ ಈ ಭಾಗದಾಗ ಒಂದ್ ಫ್ಯಾಕ್ಟರಿ ಗೇಟೂ ನಿಮಗ ತಗಿಯಂಗಿಲ್ಲ."

ಸಹಿ ಹಾಕದೆ ರಿಪೋರ್ಟ್ ಎತ್ತಿಕೊಂಡು ಬೈಕ್ ಹತ್ತಿದೆ. ಅವರ ಜೀಪು ಬೆನ್ನಿಗೇ ಬಂತು. ಚಿಕ್ಕೋಡಿ ರಸ್ತೆ ಖಾಲಿ... ಮರೆಯಾಗಲು ಒಂದು ಕಬ್ಬಿನ ಗಾಡಿಯೂ ಇರಲಿಲ್ಲ! ಹೊಲದ ದಾರಿಗೆ ನುಗ್ಗಿ ತಪ್ಪಿಸಿಕೊಂಡೆ.

ಆಸ್ಪತ್ರೆಯಲ್ಲಿ ಲಗಮಪ್ಪನಿಗೆ ಮೊಣಕೈವರೆಗೂ ಬ್ಯಾಂಡೇಜ್. ಇವತ್ತು ಮಿಲ್ಲು ಒಮ್ಮೆಲೇ ನಿಂತಿದ್ದು ಯಾಕೆ ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿದ.

"ಇವತ್ತ ಅಮಾಸಿ ಅಲ್ರಿ ಸರ? ಯಾರೂ ಎತ್ತ ಹೂಡಂಗಿಲ್ಲ. ಕಬ್ಬ ಬರಲಿಲ್ಲಂದ್ರ ಮಿಲ್ ನಿಂದರತೈತಿ. ಪ್ರತಿ ತಿಂಗಳಾ ಆಗೂದ ಇದು. ನಿಮ್ಮ ಲೆಕ್ಕದಾಗ ಅಮಾಸಿ ಹಿಡದಿರಲಿಲ್ಲೇನ್ರಿ?"

ಮೊಬೈಲಿನಲ್ಲಿ ತಾರೀಖು ತೆಗೆದು ನೋಡಿದೆ. ನಾನು ಅಳಿಸಿದ್ದ ದಿನ... ಹಿಂದಿನ ಅಮಾವಾಸ್ಯೆ.

ತಪ್ಪು ನನ್ನದು ಎಂದೆ.

"ಗೊತ್ತೈತ್ರಿ," ಅಂದ. "ಅದನ್ನ ಬರದ ಸಹಿ ಮಾಡ್ರಿ. ನನಗಂತೂ ಈಗ ಪೆನ್ ಹಿಡಿಯಾಕ ಬರಂಗಿಲ್ಲ."

ಅವನ ಮಂಚದ ಪಕ್ಕದಲ್ಲೇ ಕೂತು ಬರೆದೆ. ಲಗಮಪ್ಪನ ಕೆಲಸ ಉಳಿಯಿತು. ಕೈಗಳು ಮೊದಲಿನಂತಾಗಲಿಲ್ಲ.

ಆಬಾಸಾಹೇಬರೂ ಮಾತಿಗೆ ತಪ್ಪಲಿಲ್ಲ. ಅಥಣಿ, ರಾಯಬಾಗ, ಕಾಗವಾಡ... ಎಲ್ಲೂ ಗೇಟು ತೆರೆಯಲಿಲ್ಲ.

ಎತ್ತುಗಳಿಗೆ ತಿಂಗಳಿಗೊಂದು ಅಮಾವಾಸ್ಯೆ ರಜೆ. ನನಗೆ ದಿನವೂ.