ಬೀಗ ಹಾಕಿದ ಕೋಣೆಯ ಫೋಟೊ

ನನ್ನ ಯಜಮಾನರು ತೀರಿಕೊಂಡ ಮೇಲೆ, ಚನ್ನಪಟ್ಟಣದ ಕಾರ್ಖಾನೆಯಲ್ಲಿ ಅವರು ಬೊಂಬೆ ಕಡೆಯುತ್ತಿದ್ದ ಕೋಣೆಗೆ ಬೀಗ ಬಿತ್ತು. ಒಳಗೆ ಅವರ ಲೇತು, ಅದರ ಎದುರಿಗಿದ್ದ ಒಂದೇ ಒಂದು ಕ್ಯಾಮೆರಾ ಉಳಿದವು. ಆಮೇಲೆ ಅವರ ಖಾಲಿ ಲೇತಿನ ಫೋಟೊ ಕಾರ್ಖಾನೆಯ ವೆಬ್‌ಸೈಟಿನಲ್ಲಿ ದಿನವೂ ಬರತೊಡಗಿತು. ಅದರಲ್ಲಿ ಮರದ ಸಿಪ್ಪೆ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಬಾಗಿಲ ಸಂದಿಯಲ್ಲಿ, ಬೊಂಬೆಗೆ ಬಣ್ಣ ಹಚ್ಚುವ ಬಿಸಿ ಅರಗಿನ ವಾಸನೆ.

“ಹೊರಗಿನೋರ್ಗೆ ಆ ಕ್ಯಾಮೆರಾ ಸಿಗಾಕಿಲ್ಲ ಮಾಯಕ್ಕ. ಯಾರೋ ನಮ್ ಸೈಟಿಗೆ ಅದರ ವಿಳಾಸ ಕೊಟ್ಟು ಫೋಟೊ ಕೇಳ್ತಾವ್ರೆ, ಸೈಟೇ ಒಳಕ್ಕೋಗಿ ತಂದ್ಕೊಡ್ತೈತೆ. ಸೈಟಿನ ಈ ತೂತು ಮುಚ್ಬುಡ್ತೀನಿ,” ಎಂದ ಸೈಟು ನೋಡಿಕೊಳ್ಳುವ ಆಫ್ತಾಬ್.

“ಒಸಿ ದಿನ ಇರ್ಲಿ ಬುಡಪ್ಪ. ಅದೂ ಇಲ್ದಿದ್ರೆ ನಾನ್ಯಾರ್ನ ನೋಡ್ಕಂಡಿರ್ಲಿ?”

ಅವನು ಕೇಳಲಿಲ್ಲ. ತೂತು ಮುಚ್ಚಿದ. ಕ್ಯಾಮೆರಾ ಕಳಚಿ, ವೈರು ಸುತ್ತಿ, ಲೇತಿನ ಮೇಲಿಟ್ಟು ಮತ್ತೆ ಬೀಗ ಹಾಕಿದ.

ಮರುದಿನವೂ ಫೋಟೊ ಬಂತು. ಅದರಲ್ಲಿ, ಲೇತಿನ ಮೇಲೆ, ವೈರು ಸುತ್ತಿದ ಆ ಕ್ಯಾಮೆರಾ ಇತ್ತು.